ಮಿಶಿಗನ್ ಅವೆನ್ಯೂವಿನ ಸಾರ್ವಭೌಮ

ಡೆಟ್ರಾಯಿಟ್ ನದಿಯ ದಂಡೆಯಿಂದ ಇಪ್ಸಿಲಾಂಟಿಯ ಕಲ್ಲಿನ ನೀರಿನ ಗೋಪುರದವರೆಗೆ ಇಡೀ ಮಿಶಿಗನ್ ಅವೆನ್ಯೂವನ್ನು, ಜನವರಿಯ ಹಿಮದಲ್ಲಿ, ಕಣ್ಣಿಗೆ ಉಣ್ಣೆಯ ಮಫ್ಲರ್ ಕಟ್ಟಿಕೊಂಡು, ರಿವರ್ಸ್ ಗೇರಿನಲ್ಲಿ, ಒಂದೇ ಒಂದು ಕೆಂಪು ದೀಪಕ್ಕೂ ನಿಲ್ಲದೆ ಓಡಿಸಿದ ಭೂಮಂಡಲದ ಏಕೈಕ ಮನುಷ್ಯ ನಾನು. ನಂಬದಿದ್ದರೆ ನಷ್ಟ ನಿಮಗೆ. ಆ ರಸ್ತೆಯ ಸಿಗ್ನಲ್ ದೀಪಗಳಿಗೆ ನನ್ನ ಮೇಲಿನ ಗೌರವ ಎಷ್ಟೆಂದರೆ, ನನ್ನ ಹಳೆಯ ಟಾರಸ್ ಕಾರು ದೂರದಲ್ಲಿ ಕಂಡದ್ದೇ ಅವು ಬೀಗರನ್ನು ಕಂಡ ಹೆಣ್ಣಿನ ಕಡೆಯವರ ಹಾಗೆ ಎದ್ದು ನಿಂತು ಹಸಿರಾಗುತ್ತವೆ. ಅಮೆರಿಕದ ಅರ್ಧಕ್ಕರ್ಧ ಕಾರುಗಳ ಎಡಗಡೆಯ ಇಂಡಿಕೇಟರ್ ನನ್ನ ಅಪ್ಪಣೆಯಿಲ್ಲದೆ ಮಿಣುಕುವುದಿಲ್ಲ. ಯಾಕೆಂದರೆ ಡಿಯರ್‌ಬಾರ್ನ್‌ನಲ್ಲಿರುವ ನಮ್ಮ ಕಂಪನಿ ಆ ಇಂಡಿಕೇಟರಿನ ಸ್ವಿಚ್ಚು ಮಾಡುತ್ತದೆ, ಆ ಸ್ವಿಚ್ಚನ್ನು ಮೇಲೆ ಕೆಳಗೆ ಆಡಿಸಿ ನೋಡಿ ಸರಿಯಿದೆ ಎನ್ನುವವನು ನಾನು, ಅರಸೀಕೆರೆಯ ತಿರುಮಲೇಶ. ಕ್ಯಾಂಟನ್, ಪ್ಲಿಮತ್ ಸುತ್ತಿನ ಕನ್ನಡದವರು ಯಾರ ಮನೆಗೆ ಊಟಕ್ಕೆ ಹೊರಟರೂ ಮೊದಲು ನನಗೆ ಫೋನು ಮಾಡಿ ದಾರಿ ಕೇಳುತ್ತಾರೆ. ನಾನು ಹೇಳುವ ದಾರಿ ಯಾವ ಮನೆಗಾದರೂ ಒಂದೇ ಕಡೆಯಿಂದ ಶುರುವಾಗುತ್ತದೆ: "ಮಿಶಿಗನ್ ಅವೆನ್ಯೂ ಹಿಡೀರಿ." ಉತ್ತರದ ಟ್ರಾಯ್‌ಗೆ ಹೋಗುವವರಿಗೂ ಅದೇ, ವಿಮಾನ ನಿಲ್ದಾಣಕ್ಕೆ ಹೋಗುವವರಿಗೂ ಅದೇ. ಶಿಕಾಗೊಗೆ ಹೊರಟವರಿಗೆ, ಅಲ್ಲೂ ಒಂದು ಮಿಶಿಗನ್ ಅವೆನ್ಯೂ ಇದೆ, ಇದೇ ಸೀದಾ ಹೋಗಿ ಅದಾಗುತ್ತದೆ, ಸ್ಟೀರಿಂಗ್ ತಿರುಗಿಸುವ ಅಗತ್ಯವಿಲ್ಲ, ನಡುವೆ ಒಂದು ನಿದ್ದೆ ತೆಗೆಯಬಹುದು ಎನ್ನುತ್ತಿದ್ದೆ. ಹೀಗಾಗಿ ಆರು ವರ್ಷಗಳಿಂದ ನಮ್ಮ ಜನ ಯುಗಾದಿಯ ಒಬ್ಬಟ್ಟಿಗೆ, ಈದಿನ ಬಿರಿಯಾನಿಗೆ, ಮಕ್ಕಳ ಹುಟ್ಟುಹಬ್ಬದ ಕೇಕಿಗೆ ತಪ್ಪದೆ ತಡವಾಗಿ ತಲುಪುತ್ತಿದ್ದಾರೆ. ಇದು ಕನ್ನಡಿಗರ ಹುಟ್ಟುಗುಣ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಹುಟ್ಟುಗುಣವಲ್ಲ, ಅದು ನನ್ನ ಕೃತಿ.

ಫ್ರೀವೇ ಯಾಕೆ ಬೇಡ ಎಂಬುದಕ್ಕೆ ನನ್ನ ಬಳಿ ಕಾರಣಗಳ ಗೋದಾಮೇ ಇತ್ತು. ಐ-94ರಲ್ಲಿ ಜೂನ್ ತಿಂಗಳಲ್ಲೂ ಮಂಜು ಹೆಪ್ಪುಗಟ್ಟುತ್ತದೆ. ಟ್ರಕ್ಕುಗಳ ಚಕ್ರ ಕಳಚಿ ಸಣ್ಣ ಕಾರುಗಳನ್ನು ಹುಡುಕಿಕೊಂಡು ಬರುತ್ತವೆ. ಒಮ್ಮೆ ಹತ್ತಿದ ಒಬ್ಬ ತೆಲುಗಿನವನು ಎಕ್ಸಿಟ್ ಸಿಗದೆ ಪಕ್ಕದ ರಾಜ್ಯದ ಟೊಲೀಡೊ ತಲುಪಿ ಅಲ್ಲೇ ಮನೆ ಮಾಡಿಕೊಂಡಿದ್ದಾನೆ. ಇಷ್ಟು ಕೇಳಿಯೂ ಯಾರಾದರೂ, ಹಾಗಾದರೆ ನಿಮಗೇ ಫ್ರೀವೇ ಭಯವೇ ಎಂದು ಕೆಣಕಿದರೆ, ನಾನು ಸುತ್ತ ನೋಡಿ, ದನಿ ತಗ್ಗಿಸಿ, "ನನಗಲ್ಲ ಮಾರಾಯ್ರೆ, ಅಶ್ಫಾಕ್‌ಗೆ. ಪಾಪ" ಎನ್ನುತ್ತಿದ್ದೆ. ಅಶ್ಫಾಕ್ ಗದಗಿನವನು. ನಮ್ಮದೇ ಕಂಪನಿ, ಕ್ಯಾಂಟನ್‌ನ ನಮ್ಮದೇ ಬಡಾವಣೆ, ನಮ್ಮ ಮನೆಯಿಂದ ಮೂರನೆಯದು ಅವನ ಮನೆ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಆಳು. ಅವನು ನನ್ನ ಪಕ್ಕದ ಸೀಟಿನಲ್ಲಿ ಕೂತು ಏಲಕ್ಕಿ ಅಗಿಯುತ್ತ ಆರು ವರ್ಷ ಆಫೀಸಿಗೆ ಬಂದ, ಹೋದ. ಓಡಿಸುವವನು ನಾನು, ದಾರಿ ಮಿಶಿಗನ್ ಅವೆನ್ಯೂ. ತೊಂಬತ್ತೆಂಟರ ಜನವರಿಯಲ್ಲಿ ಇಬ್ಬರೂ ಹೊಸದಾಗಿ ಬಂದಿದ್ದಾಗ ಅವನು ಫ್ರೀವೇಯ ರ‍್ಯಾಂಪ್ ಹತ್ತಿ, ಓಡುತ್ತಿರುವ ಕಾರುಗಳ ನಡುವೆ ನುಗ್ಗಿ ಸೇರಿಕೊಳ್ಳಬೇಕಾದ ತುದಿಯಲ್ಲಿ ಕಲ್ಲಾಗಿ ನಿಂತುಬಿಟ್ಟ ಕಥೆಯನ್ನು ನಾನು ಹೇಳದ ಔತಣವಿಲ್ಲ. ಹಿಂದೆ ಹಾರನ್ನುಗಳ ವಾಲಗ, ಮುಂದೆ ಟ್ರಕ್ಕುಗಳ ಮೆರವಣಿಗೆ, ಇವನ ಕಾಲು ಹೀಗೆ ನಡುಗುತ್ತಿತ್ತು ನೋಡಿ, ಎಂದು ನಾನು ಕಾಲು ನಡುಗಿಸಿ ತೋರಿಸಿದರೆ ಮಕ್ಕಳು ಸೋಫಾದ ಮೇಲೆ ಬಿದ್ದು ಹೊರಳಾಡುತ್ತಿದ್ದವು. ಅಷ್ಟು ಚೆನ್ನಾಗಿ ನಡುಗಿಸುತ್ತಿದ್ದೆ. ಅಶ್ಫಾಕ್ ಪೇಪರ್ ತಟ್ಟೆ ಹಿಡಿದು ಅಲ್ಲೇ ಗೋಡೆಗೆ ಒರಗಿ ನಿಂತಿರುತ್ತಿದ್ದ. ಎಲ್ಲರೂ ಅವನ ಕಡೆ ತಿರುಗಿದಾಗ ಬಾಯಲ್ಲಿದ್ದ ತುತ್ತು ನುಂಗಿ, "ಹೌದ್ರೀಪಾ, ಏನ್ ಮಾಡೋದು, ನನಗ ಕಾಲು ನಡುಗ್ತಾವ" ಎಂದು ನಕ್ಕು ಇನ್ನೊಂದು ಚಮಚ ರಾಯತ ಹಾಕಿಕೊಳ್ಳುತ್ತಿದ್ದ.

ಆ ಅಶ್ಫಾಕ್ ಅಕ್ಟೋಬರಿನ ಒಂದು ಗುರುವಾರ ಕಂಪನಿಯ ಕ್ಯಾಂಟೀನಿನ ಸಾಲಿನಲ್ಲಿ ಟ್ರೇ ಹಿಡಿದು ನಿಂತವನು ಟ್ರೇ ಸಮೇತ ಕೆಳಗೆ ಕೂತ, ಮತ್ತೆ ಏಳಲಿಲ್ಲ. ಹೃದಯ ಎಂದರು. ಶನಿವಾರ ಡಿಯರ್‌ಬಾರ್ನ್‌ನ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿನ ನಂತರ ಅವನ ಜನಾಜಾ ಪ್ರಾರ್ಥನೆ. ಮಣ್ಣು ಮಾಡುವುದು ಇಪ್ಸಿಲಾಂಟಿಯ ಆಚೆ, ಹೊಲಗಳ ನಡುವಿನ ಖಬರಸ್ತಾನದಲ್ಲಿ. ಶವದ ವ್ಯಾನು ಮುಂಚೆಯೇ ಹೊರಟುಹೋಯಿತು. ಅಲ್ಲಿ ಮಣ್ಣು ಮುಚ್ಚುವ ಯಂತ್ರದವನು ಶನಿವಾರ ಮೂರು ಗಂಟೆಗೆ ಮನೆಗೆ ಹೋಗುತ್ತಾನಂತೆ. ಮನೆಯವರು ಬಂದಿರಲಿ ಬಿಡಲಿ ಅಷ್ಟರಲ್ಲಿ ಮುಚ್ಚಿ ಮುಗಿಸುತ್ತಾನಂತೆ. ಸತ್ತವನಿಗೆ ಹಿಡಿ ಮಣ್ಣು ಹಾಕುವುದಕ್ಕೂ ಶಿಫ್ಟು ಇರುವ ದೇಶ ಇದು. ಮಸೀದಿಯ ಪಾರ್ಕಿಂಗ್ ಲಾಟಿನಲ್ಲಿ ಹತ್ತು ಹನ್ನೆರಡು ಕಾರುಗಳು, ಸುತ್ತ ಕೋಟು ಹಾಕಿದ ಕನ್ನಡದ ಗಂಡಸರು, ಅರ್ಧ ಹಿಂದೂಗಳು, ಅರ್ಧ ಮುಸಲ್ಮಾನರು, ಯಾರಿಗೂ ದಾರಿ ಗೊತ್ತಿಲ್ಲ. ಅಶ್ಫಾಕ್‌ನ ತಮ್ಮ ಸೊಹೈಲ್ ಶಿಕಾಗೊ ಹತ್ತಿರದ ವುಡ್‌ರಿಡ್ಜ್‌ನಿಂದ ಕಾರು ಓಡಿಸಿಕೊಂಡು ಬಂದಿದ್ದ. ಕಂಪ್ಯೂಟರಿನಿಂದ ಮುದ್ರಿಸಿದ ದಾರಿಯ ಹಾಳೆ ಅವನ ಕೈಯಲ್ಲಿ ಗಾಳಿಗೆ ಪಟಪಟಿಸುತ್ತಿತ್ತು.

"ಅಣ್ಣಾರ, ಇದರಾಗ ನೈಂಟಿ-ಫೋರ್ ಹಿಡೀರಿ ಅಂತ ಐತಿ. ಅರ್ಧಾ ತಾಸಿನ ಮ್ಯಾಲ ಆಗಂಗಿಲ್ಲ ಅಂತ ಬರದಾರ" ಎಂದ.

ಅಷ್ಟು ಜನರ ಕಣ್ಣು ನನ್ನ ಮೇಲೆ. ಹೆಣದ ಮನೆಯಲ್ಲೂ ಮನುಷ್ಯನಿಗೆ ಸನ್ಮಾನದ ಆಸೆ ಹೋಗುವುದಿಲ್ಲ, ಇದನ್ನು ನಾನು ನನ್ನ ಮೈಮೇಲೆಯೇ ಪ್ರಯೋಗ ಮಾಡಿ ನೋಡಿದ್ದೇನೆ. ಎದೆ ತಾನಾಗಿ ಉಬ್ಬಿತು, ಗಂಟಲು ತಾನಾಗಿ ಕೆರೆದುಕೊಂಡಿತು.

"ಕಂಪ್ಯೂಟರಿಗೇನು ಗೊತ್ತು ಸೊಹೈಲ್? ಅದೇನು ನಿಮ್ಮಣ್ಣನ ಜೊತೆ ಆರು ವರ್ಷ ಓಡಾಡಿದೆಯಾ? ಫ್ರೀವೇ ಅಂದ್ರೆ ಅವನು ಹೆಂಗೆ ಹೆದರ್ತಿದ್ದ! ಅವನ ಕೊನೇ ಪ್ರಯಾಣ, ಅವನ ದಾರೀಲೇ ಹೋಗೋಣ. ಮಿಶಿಗನ್ ಅವೆನ್ಯೂ. ಎಲ್ಲರೂ ನನ್ನ ಹಿಂದೆ ಬನ್ನಿ. ಮುಕ್ಕಾಲು ಗಂಟೇಲಿ ತಲುಪಿಸದಿದ್ರೆ ನನ್ನ ಹೆಸರು ಬದಲಾಯಿಸಿ."

ನಮ್ಮ ಸತೀಶ, ಪ್ಲಿಮತ್‌ನವನು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಕರೆಕ್ಟಾಗಿ ಹೇಳಿದ್ರಿ ಸರ್. ಪಾಪ, ಕಾಲು ನಡುಗ್ತಾವೆ ಅಂತಿದ್ರು."

"ಅಣ್ಣಗ? ಹೆದರಿಕಿ?" ಎಂದು ಸೊಹೈಲ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಎಲ್ಲರೂ ಆಗಲೇ ತಮ್ಮ ತಮ್ಮ ಕಾರುಗಳ ಕಡೆ ಹೊರಟಿದ್ದರು. ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ.

ಮಸೀದಿಯ ಹುಡುಗರು ಬಂದು ಒಂದೊಂದು ಕಾರಿನ ಮೂತಿಗೂ ಅಯಸ್ಕಾಂತದ ಪುಟ್ಟ ಬಾವುಟ ಅಂಟಿಸಿದರು. ಬಾವುಟವಿದ್ದರೆ ಶವಯಾತ್ರೆ ಎಂದು ಬೇರೆಯವರು ದಾರಿ ಬಿಡುತ್ತಾರೆ, ಕೆಂಪು ದೀಪಕ್ಕೂ ನಿಲ್ಲಬೇಕಿಲ್ಲ, ಸಾಲು ತುಂಡಾಗದಂತೆ ಒಂದೇ ಸಮ ನಡೀರಿ ಎಂದು ಹೇಳಿಕೊಟ್ಟರು. ಬಾವುಟ ಹಚ್ಚಿದ ಕಾರಿನಲ್ಲಿ ನಾನು ಯಾವುದೋ ದೇಶದ ರಾಯಭಾರಿಯ ಹಾಗೆ ಕೂತೆ. ಆಗ ಪಕ್ಕದ ಬಾಗಿಲು ತೆರೆಯಿತು. ಹುದಾ. ಅಶ್ಫಾಕ್‌ನ ಒಬ್ಬಳೇ ಮಗಳು, ಹದಿನಾರು ತುಂಬಿ ಬೇಸಿಗೆಯಲ್ಲಷ್ಟೇ ಲೈಸೆನ್ಸ್ ತೆಗೆದುಕೊಂಡವಳು. ಅವಳ ತಾಯಿ ಅಸ್ಗರಿಯನ್ನು ನನ್ನ ಹೆಂಡತಿ ಜಯದೇವಿ ಹೆಂಗಸರ ಜೊತೆ ಮನೆಗೆ ಕರೆದುಕೊಂಡು ಹೋಗಿದ್ದಳು. ಇವಳು ಮಾತ್ರ, ಅಬ್ಬಾನಿಗೆ ನಾನೇ ಮಣ್ಣು ಹಾಕಬೇಕು ಎಂದು ಹಟ ಹಿಡಿದು ಉಳಿದಿದ್ದಳು. ಚಾಚಾನ ಕಾರಿಗೆ ಹೋಗಮ್ಮ ಎಂದರೆ ತಲೆ ಅಲ್ಲಾಡಿಸಿದಳು. "ದಿಸ್ ಈಸ್ ಹಿಸ್ ಸೀಟ್" ಎಂದಳು. ಆ ಸೀಟು ಅವನ ಉದ್ದ ಕಾಲಿಗೆಂದು ಹಿಂದಕ್ಕೆ ಸರಿಸಿದ್ದು ಹಾಗೇ ಇತ್ತು. ಅದರಲ್ಲಿ ಅವಳು ದೊಡ್ಡವರ ಕುರ್ಚಿಯಲ್ಲಿ ಕೂತ ಮಗುವಿನ ಹಾಗೆ ಕಂಡಳು. ಬಾಗಿಲಿನ ಗೂಡಿಗೆ ಕೈ ಹಾಕಿದವಳು ಏನನ್ನೋ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಒಣಗಿದ ಏಲಕ್ಕಿ ಸಿಪ್ಪೆ. ನಾನು ಕಾರು ತೊಳೆಸಿ ವರ್ಷವಾಗಿತ್ತು ಎಂಬುದಕ್ಕೆ ಅಂದು ಮೊದಲ ಸಲ ನಾಚಿಕೆಯಾಗಲಿಲ್ಲ.

ಹೊರಟೆವು. ಕನ್ನಡಿಯಲ್ಲಿ ಹಗಲಿನಲ್ಲೇ ಹೆಡ್‌ಲೈಟ್ ಉರಿಸಿಕೊಂಡ ಸಾಲು, ಅಷ್ಟೂ ನನ್ನ ಹಿಂದೆ. ನನ್ನ ಬದುಕಿನಲ್ಲಿ ಇಷ್ಟು ಜನ ನನ್ನನ್ನು ಹಿಂಬಾಲಿಸಿದ್ದು ಅದೇ ಮೊದಲು. ಅರಸೀಕೆರೆಯಲ್ಲಿ ನನ್ನ ಮದುವೆ ಮೆರವಣಿಗೆಯಲ್ಲಿ ವಾಲಗದವರೂ ಅರ್ಧ ದಾರಿಗೆ ಟೀ ಕುಡಿಯಲು ಹೋಗಿದ್ದರು. ಅರಬ್ಬಿ ಅಕ್ಷರಗಳ ಬೇಕರಿಗಳು, ಚಿನ್ನದಂಗಡಿಗಳು, ಹುಕ್ಕಾದಂಗಡಿಗಳು ಎರಡೂ ಕಡೆ ನಿಧಾನ ಹಿಂದಕ್ಕೆ ಸರಿದವು. ಮೊದಲ ಸಿಗ್ನಲ್ಲು ಕೆಂಪಾಯಿತು. ಆರು ವರ್ಷ ನಾನು ಹೇಳಿಕೊಂಡು ತಿರುಗಿದ ಸುಳ್ಳಿಗೆ ಅಂದು ಕಾನೂನೇ ಸಹಿ ಹಾಕಿ ಕೊಟ್ಟಿತ್ತು: ನಿಲ್ಲಬೇಡ, ಹೋಗು. ನಾನು ನಿಂತೆ. ಅಡ್ಡರಸ್ತೆಯಲ್ಲಿ ಒಬ್ಬ ಮುದುಕಿ ಬಾವುಟ ನೋಡಿ ತನಗೆ ಹಸಿರಿದ್ದರೂ ಕಾರು ನಿಲ್ಲಿಸಿ, ನೀವು ಹೋಗಿ ಎಂದು ಕೈ ಮಾಡಿದಳು. ನಾನೂ ನೀವು ಹೋಗಿ ಎಂದು ಕೈ ಮಾಡಿದೆ. ಅವಳು ಮತ್ತೆ ಕೈ ಮಾಡಿದಳು. ದೀಪ ಬದಲಾಗುವ ತನಕ ನಾವಿಬ್ಬರೂ ಹೀಗೆ ಒಬ್ಬರಿಗೊಬ್ಬರು ಸಂಸ್ಕೃತಿ ಪ್ರದರ್ಶಿಸಿದೆವು. ಎರಡನೆಯದಕ್ಕೂ ನಿಂತೆ, ಮೂರನೆಯದಕ್ಕೂ ನಿಂತೆ. ಫೋರ್ಡ್ ಕಂಪನಿಯ ಗಾಜಿನ ಕಟ್ಟಡ ಎದುರಾದಾಗ, ದಿನಾ ಇಲ್ಲಿ ಬಂದಾಗ ಅಶ್ಫಾಕ್ ಹೇಳುತ್ತಿದ್ದ ಮಾತು ಕಿವಿಯಲ್ಲೇ ಹೇಳಿದಂತಾಯಿತು: "ನೋಡಲೇ ತಿರುಮ್ಯಾ, ಇಷ್ಟು ದೊಡ್ಡ ಕನ್ನಡಿ ಇಟ್ಕೊಂಡಾರ, ಮಾರಿ ನೋಡ್ಕೋ ಅಂತ." ದಿನಾ ಅದೇ ಮಾತು, ದಿನಾ ನಾನು ನಗುತ್ತಿದ್ದೆ. ಒಮ್ಮೆಯೂ ಅದು ಯಾರಿಗೆ ಹೇಳಿದ್ದು ಎಂದು ಯೋಚಿಸಿರಲಿಲ್ಲ. ಗಾಜಿನಲ್ಲಿ ನಮ್ಮ ಸಾಲು ಕಂಡಿತು, ಮುಂದೆ ನನ್ನ ಕಾರು, ಬೂದುಬಣ್ಣದ್ದು, ಇಷ್ಟೇ ಇಷ್ಟು.

ಆರು ವರ್ಷ ಅವನು ಈ ಸೀಟಿನಲ್ಲಿ ಏನು ಮಾಡುತ್ತಿದ್ದ? ಮಾತಾಡುತ್ತಿದ್ದವನು ನಾನು. ಪ್ರಮೋಷನ್ ತಪ್ಪಿಸಿದ ಮ್ಯಾನೇಜರನಿಗೆ ನಾನು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದು, ಅಂದರೆ ಹೇಳಬೇಕೆಂದುಕೊಂಡದ್ದು. ಊರಿನಲ್ಲಿ ನನಗೆ ಬಂದ ಹೆಣ್ಣುಗಳು. ನಾನಿಲ್ಲದಿದ್ದರೆ ಕಂಪನಿಯ ಸ್ವಿಚ್ಚುಗಳ ಗತಿ. ಅವನು ಏಲಕ್ಕಿ ಬಿಡಿಸುತ್ತ ಕೇಳುತ್ತಿದ್ದ. ಸಂಜೆ ಅವನ ಮನೆ ಮುಂದೆ ಇಳಿಸುವಾಗ ಎಷ್ಟೋ ಸಲ ಅಸ್ಗರಿ ಬಾಗಿಲಲ್ಲಿ ನಿಂತಿರುತ್ತಿದ್ದಳು, ಹುದಾಳ ವಾಲಿಬಾಲ್ ಆಟ ಮುಗಿದುಹೋಯಿತು ಎಂದೋ, ಟೀಚರ ಭೇಟಿಗೆ ತಡವಾಯಿತು ಎಂದೋ. "ಏನ್ ಮಾಡ್ಲಿ, ಸಿಗ್ನಲ್ ಭಾಳ" ಎನ್ನುತ್ತ ಅವನು ಒಳಗೆ ಹೋಗುತ್ತಿದ್ದ. ನಾನು ಕಾರಿನಿಂದಲೇ, "ನೋಡಮ್ಮ ಅಸ್ಗರಿ, ನಿನ್ನ ಗಂಡನ ಹೆದರಿಕೆಯಿಂದ ನನಗೂ ಲೇಟು" ಎಂದು ಕೂಗಿ ಹೇಳಿದ್ದುಂಟು. ಒಂದು ಸಲ ಅಲ್ಲ. ಈ ರಸ್ತೆಯ ಒಂದು ವಿಚಿತ್ರವೆಂದರೆ ಇಲ್ಲಿ ಎಡಕ್ಕೆ ಹೋಗಬೇಕಾದವನು ಎಡಕ್ಕೆ ತಿರುಗುವಂತಿಲ್ಲ. ಮೊದಲು ನೇರ ಮುಂದಕ್ಕೆ ಹೋಗಬೇಕು, ನಡುವಿನ ಹುಲ್ಲಿನ ದಿಬ್ಬದಲ್ಲಿ ಬಿಟ್ಟ ಕಿಂಡಿಯಲ್ಲಿ ಹಿಂದಕ್ಕೆ ಹೊರಳಬೇಕು, ಬಂದ ದಾರಿಯಲ್ಲೇ ವಾಪಸು ಬಂದು ಬಲಕ್ಕೆ ತಿರುಗಬೇಕು. ಹೊರಗಿನಿಂದ ಬಂದವರು ಹುಚ್ಚರಾಗುತ್ತಾರೆ. ನನಗೆ ಮೊದಲ ದಿನವೇ ರೂಢಿಯಾಗಿತ್ತು. ನನ್ನ ಮಾತು ಎಂದೂ ಅದೇ ದಾರಿಯಲ್ಲಿ ನಡೆದದ್ದು.

"ಅಂಕಲ್," ಎಂದಳು ಹುದಾ, ಮತ್ತೊಂದು ಕೆಂಪು ದೀಪದಲ್ಲಿ. "ಯು ನೋ ವಿ ಡೋಂಟ್ ಹ್ಯಾವ್ ಟು ಸ್ಟಾಪ್, ರೈಟ್?"

"ಗೊತ್ತಮ್ಮ. ಸೇಫ್ಟಿ. ಹಿಂದೆ ಅಷ್ಟು ಜನ ಇದಾರಲ್ಲ, ಜವಾಬ್ದಾರಿ ನನ್ನದು."

ಅವಳು ಡ್ಯಾಶ್‌ಬೋರ್ಡಿನ ಗಡಿಯಾರ ನೋಡಿದಳು, ಹೊರಗೆ ನೋಡಿದಳು. ಏಲಕ್ಕಿ ಸಿಪ್ಪೆ ಅಂಗೈಯಲ್ಲೇ ಇತ್ತು. ಆಮೇಲೆ, ನನಗೆ ಹೇಳಿದಂತೆಯೂ ಅಲ್ಲ, ಹೇಳದಂತೆಯೂ ಅಲ್ಲ, ಇಂಗ್ಲಿಷಿನಲ್ಲಿ ಹೇಳತೊಡಗಿದಳು: ಭಾನುವಾರ ಬೆಳಿಗ್ಗೆ ಅಬ್ಬಾ ನನ್ನನ್ನು ನೈಂಟಿ-ಫೋರ್‌ಗೆ ಕರೆದುಕೊಂಡು ಹೋಗುತ್ತಿದ್ದರು. ರ‍್ಯಾಂಪಿನಲ್ಲಿ ಸೇರಿಕೊಳ್ಳುವುದು ಹೇಗೆ ಎಂದು ಕಲಿಸುತ್ತಿದ್ದರು. ಒಂದೇ ರ‍್ಯಾಂಪನ್ನು ಮತ್ತೆ ಮತ್ತೆ ಹತ್ತಿಸುತ್ತಿದ್ದರು. ಕಿಟಕಿ ಇಳಿಸಿ ಕೈ ಹೊರಗೆ ಹಾಕಿ ಕೂತು, ಭಯ ಪಡಬೇಡ, ಮೇಲಿರುವವರು ಜಾಗ ಕೊಡ್ತಾರೆ, ನೀನು ನಿಲ್ಲಬೇಡ ಅಷ್ಟೆ, ಎನ್ನುತ್ತಿದ್ದರು. ಹಿ ಲವ್ಡ್ ಇಟ್, ಅಂಕಲ್.

ಅವಳು ನನ್ನ ಕಡೆ ತಿರುಗಲಿಲ್ಲ. ಬಯ್ದಿದ್ದರೆ ನಾನು ಉತ್ತರ ಹುಡುಕುತ್ತಿದ್ದೆ. ನಗೆಯಾಡಿದ್ದರೆ ನಾನೂ ಆಡುತ್ತಿದ್ದೆ. ಅವಳು ಸುಮ್ಮನೆ ಒಂದು ಸಂಗತಿಯನ್ನು ಸೀಟಿನ ನಡುವೆ ಇಟ್ಟು ಕೂತಳು. ನನ್ನ ಕಥೆ ಇವಳಿಗೆ ಗೊತ್ತು. ಯುಗಾದಿಯ ಊಟದಲ್ಲಿ ನಾನು ಕಾಲು ನಡುಗಿಸಿ ತೋರಿಸುವಾಗ ಸೋಫಾದ ಮೇಲೆ ಹೊರಳಾಡಿದ ಮಕ್ಕಳ ಪೈಕಿ ಇವಳು ಇರುತ್ತಿದ್ದಳೇ? ನೆನಪು ಮಾಡಿಕೊಳ್ಳಲು ನೋಡಿದೆ. ಎಲ್ಲ ಮಕ್ಕಳ ಮುಖ ಬಂತು, ಇವಳದ್ದು ಅಪ್ಪನ ಪಕ್ಕ ಗೋಡೆಯ ಹತ್ತಿರ ಬಂತು, ನಗದೆ. ಇದನ್ನು ನಾನು ಈಗ ಕಟ್ಟುತ್ತಿದ್ದೇನೆಯೋ ಏನೋ. ನನಗೆ ಸಂಬಂಧಿಸಿದ ಹಾಗೆ ನನ್ನ ನೆನಪೂ ನನ್ನ ಮಾತಿನಷ್ಟೇ ನಂಬಲರ್ಹ.

ಟೆಲಿಗ್ರಾಫ್ ರಸ್ತೆಯ ಹತ್ತಿರ ಬರುತ್ತಿದ್ದಂತೆ ಮುಂದೆ ಕಿತ್ತಳೆ ಬಣ್ಣ ಕಂಡಿತು. ಡ್ರಮ್ಮುಗಳು. ಒಂದರ ಪಕ್ಕ ಒಂದು, ರಸ್ತೆಯ ಈ ತುದಿಯಿಂದ ಆ ತುದಿಗೆ, ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವರ ಹಾಗೆ. ಅದರಾಚೆ ನನ್ನ ಮಿಶಿಗನ್ ಅವೆನ್ಯೂವನ್ನು ಯಾರೋ ಹೊಟ್ಟೆ ಬಗೆದು ಮಲಗಿಸಿದ್ದರು. ಗುಂಡಿಯಲ್ಲಿ ಹಳದಿ ಹೆಲ್ಮೆಟ್ಟುಗಳು, ಕಪ್ಪು ಕೊಳವೆ. ರಸ್ತೆ ಮುಚ್ಚಿದೆ ಎಂಬ ಫಲಕ, ಅದರ ಕೆಳಗೆ ಬಾಣ: ಬದಲಿ ದಾರಿ, ಐ-94. ಆರು ವರ್ಷ ಮಿಶಿಗನ್ ಅವೆನ್ಯೂಗೆ ಅಷ್ಟು ಪ್ರಚಾರ ಕೊಟ್ಟವನಿಗೆ ಆ ರಸ್ತೆ ಕೊನೆಗೆ ಮಾಡಿದ ಉಪಕಾರ ಇದು. ಬಾಣ ಹೇಳಿದ ಕಡೆ ತಿರುಗಿದೆ, ಹಿಂದಿನ ಸಾಲೂ ತಿರುಗಿತು. ಅಂಗಡಿಗಳು, ಮೋಟೆಲುಗಳು, ಸೆಕೆಂಡ್ ಹ್ಯಾಂಡ್ ಕಾರಿನ ಮಳಿಗೆಗಳು. ನಂತರ ಬಲಗಡೆ ಆ ಹಸಿರು ಫಲಕ. ರ‍್ಯಾಂಪು ಒಂದು ಬಾಗಿದ ಮೊಣಕೈಯ ಹಾಗೆ ಮೇಲೇರಿ ಮರೆಯಾಗುತ್ತಿತ್ತು. ಅದರಾಚೆಯಿಂದ ಎಡೆಬಿಡದ ಒಂದು ಸದ್ದು, ಗಿರಣಿಯ ಸದ್ದಿನಂಥದ್ದು. ಬಲಗಾಲು, ಆ ಪ್ರಸಿದ್ಧ ಬಲಗಾಲು, ಯಾವ ಮಕ್ಕಳೂ ನೋಡುತ್ತಿಲ್ಲದಿದ್ದರೂ ತನ್ನ ಪ್ರದರ್ಶನ ಶುರುಮಾಡಿತು. ರ‍್ಯಾಂಪಿನ ಮುಂಚೆ ಒಂದು ಗ್ಯಾಸ್ ಸ್ಟೇಷನ್ ಇತ್ತು. ಒಳಗೆ ತಿರುಗಿಸಿ ಗಾಳಿ ತುಂಬುವ ಯಂತ್ರದ ಮುಂದೆ ನಿಲ್ಲಿಸಿದೆ. ಒಂದೊಂದಾಗಿ ಅಷ್ಟೂ ಕಾರುಗಳು ಬಂದು ಬಾವುಟ ಸಮೇತ ಪಂಪುಗಳ ಸುತ್ತ ನಿಂತವು. ಸೋಡಾ ಕೊಳ್ಳಲು ಬಂದವರು ಟೋಪಿ ತೆಗೆದರು.

ಸೊಹೈಲ್ ಓಡಿ ಬಂದ. ಕಿಟಕಿ ಇಳಿಸಿದೆ.

"ಏನಾತ್ರಿ? ಯಾಕ ನಿಂತ್ರಿ? ಖಬರಸ್ತಾನದವರು ಫೋನ್ ಮಾಡಿದ್ರು. ವ್ಯಾನ್ ಯಾವಾಗೋ ಮುಟ್ಟೇತಿ. ಈಗ ಹ್ವಾದ್ರ ಸಿಗ್ತೀವಿ, ಇಲ್ಲಾಂದ್ರ ಮುಚ್ಚತಾರ."

"ಎಂಜಿನ್ ಸ್ವಲ್ಪ ಬಿಸಿ ಆಗಿದೆ ಸೊಹೈಲ್. ಐದೇ ನಿಮಿಷ."

ಅವನು ತಲೆ ಒಳಗೆ ಹಾಕಿ ನೋಡಿದ. "ಬಿಸಿ ತೋರ್ಸೂ ಮುಳ್ಳು ನಡುವ ಐತಲ್ರೀ."

"ಅಲ್ಲ, ಅಂದ್ರೆ, ಇನ್ನೊಂದು ಒಳದಾರಿ ಇದೆ. ಇಂಕ್‌ಸ್ಟರ್ ರಸ್ತೆ ಮೇಲೆ. ಅಶ್ಫಾಕ್‌ಗೆ ಫ್ರೀವೇ ಅಂದ್ರೆ... ಅವನ ಆತ್ಮ..."

"ಅಣ್ಣಾರ," ಸೊಹೈಲ್‌ನ ದನಿ ಏರಲಿಲ್ಲ, ಇಳಿಯಿತು. "ನಮ್ಮಣ್ಣ ಗದಗಿನಾಗ ಮೀಸಿ ಬರೂಕಿಂತ ಮೊದಲ ಲಾರಿ ಓಡ್ಸಿದಾಂವ. ಶಿಕಾಗೊಕ್ಕ ನಮ್ಮ ಮನಿಗೆ ಬಂದ್ರ, ಯಾಕಷ್ಟು ಜೋರ್ ಓಡಸ್ತಿ ಅಂತ ನಾನೇ ಬೈತಿದ್ದೆ. ಮಸೂತಿಯಿಂದ ಕೇಳ್ಕೋತ ಬಂದೀನಿ, ಮಂದಿ ಎಲ್ಲಾ ಅಂವಗ ಹೆದರಿಕಿ, ಅಂವಗ ಹೆದರಿಕಿ ಅಂತಾರ. ಪಾಪ ಅಂತಾರ. ಎಂಥಾ ಹೆದರಿಕೀರಿ? ಯಾರಿಗೆ ಹೆದರಿಕಿ?"

ಸತೀಶನೂ ಇನ್ನು ನಾಲ್ಕೈದು ಜನರೂ ಅಷ್ಟರಲ್ಲಿ ಬಂದು ನಿಂತಿದ್ದರು. ಎಲ್ಲರೂ ನನ್ನನ್ನು ನೋಡಿದರು, ದಾರಿ ಕೇಳುವಾಗ ನೋಡುವ ಹಾಗೆಯೇ. ನನ್ನ ಬಾಯಿ ತೆರೆಯಿತು. ಅದರಲ್ಲಿ ಇನ್ನೂ ಒಂದು ಸುಳ್ಳು ಸಿದ್ಧವಿತ್ತು, ಸಕ್ಕರೆ ಕಾಯಿಲೆ, ತಲೆಸುತ್ತು. ಅದನ್ನು ಹೇಳಿಯೂ ಬಿಡುತ್ತಿದ್ದೆ.

ಆ ಕಡೆಯ ಬಾಗಿಲು ತೆರೆದ ಸದ್ದು. ಹುದಾ ಕೆಳಗಿಳಿದು ಕಾರಿನ ಮೇಲಿಂದ ಚಾಚಾನನ್ನು ನೋಡುತ್ತಿದ್ದಳು. ಅವಳು ಕನ್ನಡ ಆಡಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಅಪ್ಪನೂ ನಾನೂ ಮಾತಾಡುವಾಗ ಕಿವಿಗೆ ಬಿದ್ದದ್ದಷ್ಟೇ ಅವಳ ಕನ್ನಡ.

"ಚಾಚಾ, ಅಂಕಲ್‌ಗೆ ಬೈಬ್ಯಾಡ್ರಿ," ಎಂದಳು. ಒಂದೊಂದೇ ಪದವನ್ನು ಹುಡುಕಿ ಇಟ್ಟಳು. "ನಾನೇ ನಿಲ್ಸು ಅಂದೆ. ನನಗ... ನನಗ ಕಾಲು ನಡುಗ್ತಾವ."

ಅದೇ ಮಾತು. ಅದೇ ಗದಗಿನ ಎಳೆತ. ಗೋಡೆಗೆ ಒರಗಿ, ಪೇಪರ್ ತಟ್ಟೆ ಹಿಡಿದು, ತುತ್ತು ನುಂಗಿ ಹೇಳುತ್ತಿದ್ದ ಮಾತನ್ನು ಈ ಹುಡುಗಿ ಅಪ್ಪನ ಕೋಟಿನ ಹಾಗೆ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು, ಅಪ್ಪನಿಗೆ ಮಣ್ಣು ಹಾಕುವ ಹೊತ್ತು ಮೀರುತ್ತಿದ್ದಾಗ. ಸೊಹೈಲ್ ಕರಗಿ, "ಅಯ್ಯ ಬೇಟಿ" ಎಂದು ಅವಳ ಕಡೆ ಹೆಜ್ಜೆ ಇಟ್ಟ. ಜನ ಪಾಪ ಎಂದರು. ಸುಮ್ಮನಿದ್ದರೆ ನಾನು ಗೆದ್ದಿದ್ದೆ. ಸುಮ್ಮನಿರುವುದು ನನಗೆ ಎಂದೂ ಬಂದಿಲ್ಲ, ಅದೊಂದೇ ಅಂದು ಉಪಯೋಗಕ್ಕೆ ಬಂತು.

"ಇವಳಿಗಲ್ಲ," ಎಂದೆ. ದನಿ ಗ್ಯಾಸ್ ಸ್ಟೇಷನ್ನಿನ ಗೋಡೆಗೆ ತಾಕಿ ವಾಪಸು ಬರುವಷ್ಟು ಜೋರಾಗಿತ್ತು. "ಅಶ್ಫಾಕ್‌ಗೂ ಅಲ್ಲ. ನನಗೆ. ಕಾಲು ನಡುಗೋದು ನನ್ನದು. ಈಗಲೂ ನಡುಗ್ತಾ ಇದೆ, ಬಂದು ನೋಡಿ ಬೇಕಾದ್ರೆ. ನನಗೆ ಫ್ರೀವೇ ಹತ್ತಕ್ಕೆ ಬರಲ್ಲ."

ಸತೀಶ ನಗಲು ಹೋದ, ಇದೂ ನನ್ನದೊಂದು ತಮಾಷೆ ಎಂದು. ಆಮೇಲೆ ನನ್ನ ಕಾಲು ಕಂಡಿತು. ಸೊಹೈಲ್ ನನ್ನನ್ನು ಒಂದು ಕ್ಷಣ ನೋಡಿದ. ಬಯ್ಯಲಿಲ್ಲ. "ಆರು ವರ್ಷ," ಎಂದ ಅಷ್ಟೆ, ಯಾರಿಗೂ ಅಲ್ಲ. ಹುದಾ ಕಾರನ್ನು ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆರೆದಳು. "ಸ್ಕೂಟ್ ಓವರ್, ಅಂಕಲ್" ಎಂದಳು. ನಾನು ಅಶ್ಫಾಕ್‌ನ ಸೀಟಿಗೆ ಸರಿದೆ. ಅಲ್ಲಿ ನನ್ನ ಕಾಲಿಗೆ ನಡುಗಲು ಬೇಕಾದಷ್ಟು ಜಾಗವಿತ್ತು.

ಅವಳು ಸಮಯಕ್ಕೆ ತಲುಪಿಸಿದಳು, ತನ್ನ ಮೂರು ಹಿಡಿ ಮಣ್ಣನ್ನು ತಾನೇ ಹಾಕಿದಳು. ಅದರ ಬಗ್ಗೆ ನಾನು ಬಡಾಯಿ ಕೊಚ್ಚುವುದಿಲ್ಲ, ಅದರಲ್ಲಿ ನನ್ನ ಪಾಲೇನೂ ಇಲ್ಲ. ಆದರೆ ಮೊದಲಿಗೆ ಹೇಳಿದೆನಲ್ಲ, ಜನವರಿ, ಹಿಮ, ಕಣ್ಣಿಗೆ ಮಫ್ಲರು, ರಿವರ್ಸ್ ಗೇರು, ಅಷ್ಟೂ ಸುಳ್ಳಲ್ಲ. ತೊಂಬತ್ತೆಂಟರ ಆ ಬೆಳಿಗ್ಗೆ ರ‍್ಯಾಂಪಿನ ತುದಿಯಲ್ಲಿ ಕಲ್ಲಾಗಿ ನಿಂತವನು ನಾನು. ಹಿಂದೆ ಹಾರನ್ನು ಹೊಡೆಯುತ್ತಿದ್ದ ಕಾರುಗಳು ಒಂದೊಂದಾಗಿ ಬಯ್ದುಕೊಂಡು ಪಕ್ಕದಿಂದ ದಾಟಿಹೋದವು. ಅಶ್ಫಾಕ್ ಹಿಮದಲ್ಲಿ ಇಳಿದು, ಕಾರನ್ನು ಸುತ್ತಿ ಬಂದು, "ಸರಿಯಲೇ ಆ ಕಡೆ" ಎಂದು ನನ್ನನ್ನು ಸರಿಸಿ, ನಾನು ನೋಡಲಾರೆ ಎಂದದ್ದಕ್ಕೆ ತನ್ನ ಉಣ್ಣೆಯ ಮಫ್ಲರನ್ನು ನನ್ನ ಕಣ್ಣಿಗೆ ಕಟ್ಟಿ, ಇಡೀ ರ‍್ಯಾಂಪನ್ನು ರಿವರ್ಸ್ ಗೇರಿನಲ್ಲಿ ಇಳಿಸಿ ಮಿಶಿಗನ್ ಅವೆನ್ಯೂಗೆ ತಂದುಬಿಟ್ಟ. ಆಫೀಸಿಗೆ ಬರುವುದಿಲ್ಲ, ಊರಿಗೆ ವಾಪಸು ಹೋಗುತ್ತೇನೆ ಎಂದು ನಾನು ಅಳುತ್ತಿದ್ದೆ. "ನಾಳಿಂದ ನಾ ಬಾಜೂಕ ಕುಂದರ್ತೀನಿ, ನೀ ಇದ ದಾರಿ ಹಿಡದು ಓಡ್ಸು. ಯಾರರ ಕೇಳಿದ್ರ ನನಗ ಹೆದರಿಕಿ ಅಂತ ಹೇಳು, ನನಗೇನಾಗೂದೈತಿ" ಎಂದ. ನಾನು ಹೇಳಿದೆ. ಆರು ವರ್ಷ ಹೇಳಿದೆ, ಬರಬರುತ್ತ ನನಗೆ ಅದು ನಿಜವೇ ಆಗಿಹೋಗಿತ್ತು.

ಅಂದು ಹುದಾ ರ‍್ಯಾಂಪ್ ಹತ್ತಿ, ನಿಲ್ಲದೆ, ಟ್ರಕ್ಕುಗಳ ನಡುವೆ ಸೇರಿಕೊಳ್ಳುವಾಗ, ಅವಳಪ್ಪನ ಸೀಟಿನಲ್ಲಿ ಕೂತ ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ ಎಂದು ಬರೆಯಲು ಕೈ ತುಡಿಯುತ್ತಿದೆ. ಇಲ್ಲ. ಮುಚ್ಚಿಕೊಂಡಿದ್ದೆ.